ಪ್ರಾಣಿಯ ಗುರುತು ಭ್ರೂಣದಲ್ಲಿ

ಕೇಳುಗರಿಗೆ ನಮಸ್ಕಾರ.

ಪ್ರಾಣಿ ಎಂದರೆ ಯಾವುದು ಎಂದು ಕೇಳಿದರೆ, ಓಡಾಡುವುದು, ತಿನ್ನುವುದು ಎಂದು ತಟ್ಟನೆ ಹೇಳಿಬಿಡುತ್ತೇವೆ. ಆದರೆ ಮುಟ್ಟಿದರೆ ಮುನಿ ಎಲೆ ಮಡಚುತ್ತದೆ. ಬೆಳೆದ ಸ್ಪಂಜು ಸಮುದ್ರದ ಬಂಡೆಗೆ ಅಂಟಿದಲ್ಲೇ ಬಾಳುತ್ತದೆ. ಹಾಗಿದ್ದೂ ಮೊದಲನೆಯದು ಗಿಡ, ಎರಡನೆಯದು ಪ್ರಾಣಿ. ಆಹಾರಕ್ಕೆ ಬೇರೆ ಜೀವಿಗಳನ್ನು ಅವಲಂಬಿಸುವುದಂತೂ ಅಣಬೆಗೂ ಇರುವ ಗುಣ. ಪ್ರಾಣಿಯ ಜೀವಕೋಶಗಳಿಗೆ ಗಿಡ, ಅಣಬೆಗಳಿಗಿರುವಂಥ ಗಟ್ಟಿ ಕೋಶಭಿತ್ತಿ ಇಲ್ಲ. ಹಾಗಾಗಿಯೇ ಭ್ರೂಣದೊಳಗೆ ಅವು ಜಾಗ ಬದಲಿಸಬಲ್ಲವು. ಪ್ರಾಣಿಯ ನಿಜವಾದ ಗುರುತನ್ನು ಅಲ್ಲಿಯೇ ಹುಡುಕಬೇಕು ಎಂಬುದು ನನ್ನ ಅಭಿಪ್ರಾಯ.

ಮಳೆಗಾಲದಲ್ಲಿ ಹೊಂಡದ ನೀರಿನಲ್ಲಿ ಲೋಳೆ ಸುತ್ತಿಕೊಂಡ ಕಪ್ಪೆಯ ಮೊಟ್ಟೆಗಳನ್ನು ನೀವು ನೋಡಿರಬಹುದು. ಸಾಸಿವೆ ಕಾಳಿನಷ್ಟೇ ಗಾತ್ರ. ಮೇಲರ್ಧ ಕಪ್ಪು, ಆಹಾರ ಶೇಖರವಾದ ಕೆಳಗರ್ಧ ಬಿಳಿಚು. ಫಲಿತಗೊಂಡ ಕೆಲವೇ ಗಂಟೆಗಳಲ್ಲಿ ಮೇಲಿನಿಂದ ಕೆಳಕ್ಕೆ ಒಂದು ಸೀಳುಗೆರೆ ಮೂಡುತ್ತದೆ, ಅದನ್ನು ಕತ್ತರಿಸುವಂತೆ ಇನ್ನೊಂದು. ಮೂರನೆಯದು ನಡುವಿಗಿಂತ ತುಸು ಮೇಲೆ ಅಡ್ಡಲಾಗಿ ಹಾಯುವುದರಿಂದ ಮೇಲೆ ನಾಲ್ಕು ಚಿಕ್ಕ ಕೋಶಗಳು, ಕೆಳಗೆ ನಾಲ್ಕು ದೊಡ್ಡವು. ಹೀಗೆ ಒಡೆಯುತ್ತ ಹೋದರೂ ಒಟ್ಟು ಗಾತ್ರ ಹೆಚ್ಚುವುದಿಲ್ಲ. ಕೊನೆಗೆ ಉಳಿಯುವುದು ಒಳಗೆ ದ್ರವ ತುಂಬಿದ, ಕೋಶಗಳ ಒಂದು ಟೊಳ್ಳು ಚೆಂಡು. ಇದೇ ಬ್ಲಾಸ್ಟುಲಾ. ರೂಪ ಅಷ್ಟಿಷ್ಟು ಬದಲಾದರೂ ಸ್ಪಂಜಿನಿಂದ ಮನುಷ್ಯನವರೆಗೆ ಈ ಹಂತವಿದೆ, ಗಿಡಕ್ಕಿಲ್ಲ, ಅಣಬೆಗಿಲ್ಲ.

ಬಳಿಕ ಚೆಂಡಿನ ಒಂದು ಪಕ್ಕದಲ್ಲಿ ಕುಡುಗೋಲಿನಂತೆ ಬಾಗಿದ ಪುಟ್ಟ ಸೀಳು ಕಾಣಿಸುತ್ತದೆ. ಅದರ ತುಟಿಯ ಮೇಲೆ ಹಾದು ಹೊರಗಿನ ಕೋಶಗಳು ಒಳಸೇರಿ ಮೂರು ಪದರಗಳಾಗುತ್ತವೆ. ಒಳಪದರದಿಂದ ಕರುಳಿನ ಒಳಪೊರೆ, ಯಕೃತ್ತು. ನಡುವಿನದರಿಂದ ಸ್ನಾಯು, ರಕ್ತ, ಹೃದಯ. ಹೊರಪದರದಿಂದ ಹೊರಚರ್ಮ ಮತ್ತು ಮಿದುಳು. ಮಿದುಳು ಚರ್ಮದ ಒಡಹುಟ್ಟು ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಹಾಗಾದರೆ ಯಾವ ಕೋಶ ಚರ್ಮವಾಗಬೇಕು, ಯಾವುದು ಮಿದುಳಾಗಬೇಕು ಎಂಬುದು ಹೇಗೆ ತೀರ್ಮಾನವಾಗುತ್ತದೆ? ಜರ್ಮನಿಯ ಫ್ರೈಬುರ್ಗ್‌ನಲ್ಲಿ ಹಾನ್ಸ್ ಸ್ಪೇಮನ್ ಅವರ ವಿದ್ಯಾರ್ಥಿನಿ ಹಿಲ್ಡೆ ಮಾಂಗೋಲ್ಡ್, ಕಪ್ಪೆಯ ಹತ್ತಿರದ ಸಂಬಂಧಿಯಾದ, ಬಾಲವುಳ್ಳ ನ್ಯೂಟ್ ಎಂಬ ಪ್ರಾಣಿಯ ಭ್ರೂಣದಿಂದ ಆ ಸೀಳಿನ ಮೇಲ್ತುಟಿಯನ್ನು ಕತ್ತರಿಸಿ, ಬೇರೆ ಬಣ್ಣದ ಇನ್ನೊಂದು ನ್ಯೂಟ್ ಭ್ರೂಣದ ಹೊಟ್ಟೆಯಾಗಬೇಕಿದ್ದ ಭಾಗಕ್ಕೆ ಕಸಿ ಮಾಡಿದರು. ಫಲಿತಾಂಶ ಪ್ರಕಟವಾದದ್ದು 1924ರಲ್ಲಿ. ಅದೇ ವರ್ಷ ಅವರು ಅಪಘಾತವೊಂದರಲ್ಲಿ ತೀರಿಕೊಂಡರು. 1935ರ ನೊಬೆಲ್ ಪ್ರಶಸ್ತಿ ಸ್ಪೇಮನ್ ಅವರೊಬ್ಬರಿಗೇ ಸಂದಿತು. ಕಸಿಯಾದ ಜಾಗದಲ್ಲಿ ಎರಡನೆಯ ದೇಹವೇ ಬೆಳೆದಿತ್ತು. ಬಣ್ಣವನ್ನು ನೋಡಿದಾಗ, ಅದರ ನರಮಂಡಲ ಬಹುಪಾಲು ರೂಪುಗೊಂಡಿದ್ದದ್ದು ಕಸಿ ಮಾಡಿದ ತುಣುಕಿನಿಂದಲ್ಲ, ಹೊಟ್ಟೆಯ ಚರ್ಮವಾಗಬೇಕಿದ್ದ ಕೋಶಗಳಿಂದಲೇ ಎಂಬುದು ಸ್ಪಷ್ಟವಾಗಿತ್ತು.