ಹೊರೆ ಹೊರಿಸುವವರು ಬೆರಳಾದರೂ ಕೊಡಬೇಕಲ್ವಾ?

ಕೇಳುಗರೆಲ್ಲರಿಗೂ ನಮಸ್ಕಾರ.

ಸವಿತಾ ಹಾಲಪ್ಪನವರ ನಮ್ಮ ಬೆಳಗಾವಿಯವರು, ಹಲ್ಲಿನ ಡಾಕ್ಟರು. ಗಂಡನ ಜೊತೆ ಐರ್ಲೆಂಡಿನ ಗಾಲ್ವೇಯಲ್ಲಿದ್ದರು. 2012ರ ಅಕ್ಟೋಬರಿನಲ್ಲಿ 17 ವಾರದ ಬಸುರಿ. ಬೆನ್ನುನೋವು ಅಂತ ಆಸ್ಪತ್ರೆಗೆ ಹೋದರು. ಮಗು ಉಳಿಯುವುದಿಲ್ಲ ಎಂದು ಅಲ್ಲಿನವರಿಗೇ ಗೊತ್ತಾಯಿತು. ಹಾಗಿದ್ದರೆ ಗರ್ಭ ತೆಗೆದುಬಿಡಿ ಎಂದು ಸವಿತಾ ಕೇಳಿಕೊಂಡರು. ಮಗುವಿನ ಎದೆಬಡಿತ ಇನ್ನೂ ಇದೆ, ಆಗುವುದಿಲ್ಲ ಎಂಬ ಉತ್ತರ ಬಂತು. ಇದು ಕ್ಯಾಥೊಲಿಕ್ ದೇಶ ಎಂಬ ಮಾತೂ ಬಂತು. ಹಾಗೆ ಹೇಳಿದವರು ಆಮೇಲೆ ವಿಚಾರಣೆಯಲ್ಲಿ ವಿಷಾದಪಟ್ಟರು, ನೋಯಿಸಲು ಆಡಿದ್ದಲ್ಲ ಎಂದರು. ಅಷ್ಟರಲ್ಲಿ ನಂಜು ಮೈಯೆಲ್ಲ ಏರಿ, ಅಕ್ಟೋಬರ್ 28ರಂದು ಸವಿತಾ ತೀರಿಕೊಂಡಿದ್ದರು. ವಯಸ್ಸು 31.

ನಾನು ಕ್ರೈಸ್ತ. ಹೊಟ್ಟೆಯಲ್ಲಿರುವ ಕೂಸು ದೇವರು ಕೊಟ್ಟ ಜೀವ ಎಂದೇ ನಂಬಿದವನು. ಅದಕ್ಕೇ ಈ ಸಾವು ನನ್ನನ್ನು ಜಾಸ್ತಿ ಕಾಡುತ್ತದೆ.

ಆಸ್ಪತ್ರೆಯಲ್ಲೂ ಲೋಪವಿತ್ತು, ನಿಜ. ರಕ್ತಪರೀಕ್ಷೆಯ ವರದಿಯನ್ನು ಹೊತ್ತಿಗೆ ಸರಿಯಾಗಿ ನೋಡಲಿಲ್ಲ, ನಾಡಿ, ಜ್ವರ ಇವನ್ನು ಸರಿಯಾಗಿ ಗಮನಿಸಲಿಲ್ಲ ಎಂದು ತನಿಖೆಯಲ್ಲಿ ಗೊತ್ತಾಯಿತು. ಆದರೆ ಮಗುವಿನ ಎದೆಬಡಿತ ನಿಲ್ಲಲಿ ಎಂದು ಕಾದು ಕೂತದ್ದೂ ಆ ವರದಿಯಲ್ಲಿದೆ. ತಾಯಿಗಿಂತ ಮಗುವಿನ ಜೀವ ಹೆಚ್ಚು ಎಂದು ಕ್ಯಾಥೊಲಿಕ್ ಸಭೆ ಯಾವತ್ತೂ ಕಲಿಸಿಲ್ಲ, ಇಬ್ಬರದೂ ಸಮ ಎಂದು ಐರ್ಲೆಂಡಿನ ಬಿಷಪ್ಪರು ಹೇಳಿಕೆ ಕೊಟ್ಟರು. ಸರಿಯಾದ ಮಾತೇ. ಆದರೆ ಮಂಚದ ಪಕ್ಕ ನಿಂತವರ ತಲೆಯಲ್ಲಿ ಇದ್ದದ್ದು ಕಾನೂನು. ಗರ್ಭಪಾತಕ್ಕೆ 1861ರಿಂದ ಜೀವಾವಧಿ ಶಿಕ್ಷೆ, ಅದರ ಮೇಲೆ ಗರ್ಭದ ಕೂಸಿಗೂ ತಾಯಿಯಷ್ಟೇ ಬದುಕುವ ಹಕ್ಕು ಎಂಬ 1983ರ ಸಂವಿಧಾನ ತಿದ್ದುಪಡಿ. ತಾಯಿಯ ಜೀವಕ್ಕೆ ಅಪಾಯವಿದ್ದರೆ ಮಾತ್ರ ವಿನಾಯಿತಿ. ಎಷ್ಟು ಹದಗೆಟ್ಟರೆ ಅದು ಜೀವಕ್ಕೆ ಅಪಾಯ? ಕಾಯಿಲೆಯವಳ ಮುಂದೆ ನಿಂತು ಲೆಕ್ಕ ಹಾಕುವ ಪ್ರಶ್ನೆಯೇ ಇದು?

ಇದೇ ನಾಡಿನಲ್ಲಿ ಮದುವೆಯಾಗದೆ ಬಸುರಾದ ಹೆಣ್ಣುಮಕ್ಕಳನ್ನು ತಾಯಿ-ಮಗು ಆಶ್ರಮಗಳಿಗೆ ಕಳಿಸುತ್ತಿದ್ದರು. ಸನ್ಯಾಸಿನಿಯರು ನಡೆಸುತ್ತಿದ್ದವೂ ಅದರಲ್ಲಿದ್ದವು. ಸರ್ಕಾರ ನೇಮಿಸಿದ ಆಯೋಗ 2021ರಲ್ಲಿ ವರದಿ ಕೊಟ್ಟಿತು. ತಾನು ಪರಿಶೀಲಿಸಿದ 18 ಸಂಸ್ಥೆಗಳಲ್ಲಿ ಸುಮಾರು 9,000 ಮಕ್ಕಳು ಸತ್ತಿದ್ದರು ಎಂದಿತು. ಗರ್ಭದಲ್ಲಿದ್ದಾಗ ಪವಿತ್ರ, ಹುಟ್ಟಿದ ಮೇಲೆ ಅವಮಾನ! ಯಾವ ವೇದವಾಕ್ಯದಲ್ಲಿದೆ ಇದು? ಹೆತ್ತವಳನ್ನು ಬಚ್ಚಿಟ್ಟರು, ಅಪ್ಪನ ಸುದ್ದಿ ಎತ್ತಿದವರು ಕಡಿಮೆ.

ಅಪ್ಪ ಅಂದಾಗ ಯೋಹಾನನ ಸುವಾರ್ತೆಯ ಎಂಟನೆಯ ಅಧ್ಯಾಯ ನೆನಪಾಗುತ್ತದೆ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದಳು ಎಂದು ಹೆಂಗಸನ್ನು ಎಳೆದು ತಂದರು. ಗಂಡಸು ಎಲ್ಲಿ? ಯಾರೂ ತರಲಿಲ್ಲ. ಯೇಸು ಬಗ್ಗಿ ನೆಲದ ಮೇಲೆ ಬೆರಳಿನಿಂದ ಬರೆಯುತ್ತಾ ಕೂತ. ಕಲ್ಲು ಹಿಡಿದವರು ಹಿರಿಯರಿಂದ ಹಿಡಿದು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಇನ್ನು ಮೇಲೆ ಪಾಪ ಮಾಡಬೇಡ ಎಂದೂ ಆತ ಅವಳಿಗೆ ಹೇಳಿದ, ಸುಮ್ನೆ ಬಿಡಲಿಲ್ಲ. ಆದರೆ ಮೊದಲು ಕಲ್ಲು ಕೆಳಗಿಳಿಸಿದ. ಈ ಕ್ರಮ ನಮಗೆ ಮರೆತುಹೋಗುತ್ತದೆ. ಧರ್ಮದ ಕಟ್ಟಳೆ ಬಿಗಿಯಾಗಿ ಹಿಡಿದಿದ್ದ ಫರಿಸಾಯರ ಬಗ್ಗೆ ಮತ್ತಾಯನ ಸುವಾರ್ತೆಯಲ್ಲಿ ಇನ್ನೂ ಖಾರವಾದ ಮಾತಿದೆ: ಭಾರವಾದ ಹೊರೆ ಕಟ್ಟಿ ಜನರ ಹೆಗಲಿಗೇರಿಸುತ್ತಾರೆ, ತಾವು ಮಾತ್ರ ಒಂದು ಬೆರಳೂ ತಾಗಿಸುವುದಿಲ್ಲ.

2018ರ ಮೇ 25ರಂದು ಐರ್ಲೆಂಡಿನ ಜನ ಆ ತಿದ್ದುಪಡಿಯನ್ನು ತೆಗೆದುಹಾಕಿದರು, ಶೇಕಡಾ 66.4ರ ಬಹುಮತದಿಂದ. 1983ರಲ್ಲಿ ಅದನ್ನು ತಂದಾಗಲೂ ಹೆಚ್ಚುಕಮ್ಮಿ ಅಷ್ಟೇ ಮಂದಿ ಪರವಾಗಿದ್ದರು. ಡಬ್ಲಿನ್ನಿನ ಗೋಡೆಯೊಂದರ ಮೇಲೆ ಸವಿತಾ ಚಿತ್ರ ಬರೆದಿದ್ದರು. ಅದರ ಸುತ್ತ ಜನ ಚೀಟಿ ಅಂಟಿಸಿದರು, ಕ್ಷಮಿಸು ಎಂದು ಬರೆದು. ಆ ಮತದಾನದ ಫಲವೆಲ್ಲ ನನಗೆ ಒಪ್ಪಿಗೆಯಲ್ಲ. ಆದರೆ ನಮ್ಮವರು ಇಷ್ಟೊಂದು ಜನರ ನಂಬಿಕೆ ಕಳೆದುಕೊಂಡಿದ್ದು ಯಾಕೆ ಎಂದು ಕೇಳಿಕೊಳ್ಳದೆ ಸುಮ್ಮನೆ ಬೈದರೆ ಏನು ಬಂತು?

ಗರ್ಭಪಾತ ಮಾಡಿಸಿಕೊಂಡು ಪಾಪನಿವೇದನೆಗೆ ಬಂದವಳಿಗೆ ಕ್ಷಮೆ ಕೊಡುವ ಅಧಿಕಾರವನ್ನು ಪೋಪ್ ಫ್ರಾನ್ಸಿಸ್ 2016ರಲ್ಲಿ ಎಲ್ಲ ಪಾದ್ರಿಗಳಿಗೂ ಶಾಶ್ವತವಾಗಿ ಕೊಟ್ಟರು. ಒಳ್ಳೆಯದು. ಆದರೆ ಕ್ಷಮೆಗೆ ಮುಂಚಿನ ಕೆಲಸ ನಮ್ಮದು. ನಮ್ಮ ಚರ್ಚುಗಳಲ್ಲೇ ನೋಡಿ. ಒಬ್ಬ ಹುಡುಗಿ ಬಸುರಾದಳು ಅಂದರೆ ಗುಸುಗುಸು ಮೊದಲು ಶುರುವಾಗುತ್ತದೆ. ಮಗು ತೆಗೆಸಬೇಡಮ್ಮ ಎಂದು ಹೇಳುವ ಹಿರಿಯರು, ಅವಳ ಬಾಡಿಗೆ ಯಾರು ಕಟ್ಟುತ್ತಾರೆ, ಬಾಣಂತನ ಯಾರ ಮನೆಯಲ್ಲಿ, ಆ ಹುಡುಗನ ಮನೆಗೆ ಹೋಗಿ ಮಾತಾಡುವವರು ಯಾರು ಎಂಬುದನ್ನು ಅವತ್ತೇ ತೀರ್ಮಾನಿಸಿಕೊಂಡು ಹೋಗಲಿ. ಮುಂದಿನ ಸಭಾ ಸಮಿತಿಯ ಮೀಟಿಂಗಿನಲ್ಲಿ ಇದಕ್ಕೆ ದುಡ್ಡು ತೆಗೆದಿಡಬಹುದು. ಚರ್ಚಿಗೆ ಸುಣ್ಣ ಹೊಡೆಸುವುದನ್ನು ಒಂದು ವರ್ಷ ಮುಂದಕ್ಕೆ ಹಾಕಿದರೂ ಸಾಕು.

ನಮಸ್ಕಾರ.