ಬಚ್ಚಲ ನೀರಿಗೆ ಬಿಸಿಲಿನ ಮದ್ದು

ಕೇಳುಗರಿಗೆ ನಮಸ್ಕಾರ.

ಬೆಳಿಗ್ಗೆ ನೀವು ಸ್ನಾನ ಮಾಡಿದ ನೀರು ಈಗ ಎಲ್ಲಿದೆ, ಹೇಳಿ ನೋಡೋಣ? ಬಚ್ಚಲಿಂದ ಗಟಾರಿಗೆ, ಗಟಾರಿನಿಂದ ಹಳ್ಳಕ್ಕೆ. ಕೊಪ್ಪಳ ಸೀಮೆಯಲ್ಲಿ ತುಂಗಭದ್ರೆಯ ಕಡೆಗೆ ಇಳಿಯುವ ಹಳ್ಳವಾದರೆ ಅಲ್ಲಿಂದ ಹೊಳೆಗೆ. ಕೆಳಗಿನ ಊರಿನವರಿಗೆ ಅದೇ ಹೊಳೆ ಕುಡಿಯುವ ನೀರು.

ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ನೀರು ಎಂದು ಎಂಜಿನಿಯರುಗಳು ಲೆಕ್ಕ ಹಾಕುತ್ತಾರೆ. ಅದರಲ್ಲಿ ನೂರಕ್ಕೆ 80 ಪಾಲು ಕೊಳಚೆಯಾಗಿ ಹೊರಗೆ ಬರುತ್ತದೆ. 50,000 ಜನರ ಊರಾದರೆ ದಿನಕ್ಕೆ 54 ಲಕ್ಷ ಲೀಟರ್. ನಮ್ಮ ನಳದಲ್ಲಿ ಅಷ್ಟು ನೀರು ಎಲ್ಲಿ ಬರುತ್ತೆ ಅಂತ ನಗಬೇಡಿ. ಅರ್ಧ ಬಂದರೂ 27 ಲಕ್ಷ ಆಯಿತಲ್ವಾ?

ಕೊಳಚೆಯಲ್ಲಿ ಹೆಚ್ಚುಕಡಿಮೆ ನೂರಕ್ಕೆ 99.9 ಪಾಲು ಬರೀ ನೀರೇ. ಉಳಿದ ಚೂರೇ ಚೂರು ಕೊಳೆಯನ್ನು ತಿಂದು ಮುಗಿಸಲು ಸೂಕ್ಷ್ಮಜೀವಿಗಳಿವೆ. ಅವಕ್ಕೆ ಉಸಿರಾಡಲು ಗಾಳಿ ಬೇಕು. ದೊಡ್ಡ ಊರುಗಳಲ್ಲಿ ಯಂತ್ರ ಇಟ್ಟು ನೀರಿಗೆ ಗಾಳಿ ಊದುತ್ತಾರೆ. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಹುಟ್ಟಿದ ವಿಧಾನ ಇದು. ಕೆಲಸವೇನೋ ಚೆನ್ನಾಗಿಯೇ ಮಾಡುತ್ತದೆ. ಆದರೆ ಕರೆಂಟ್ ಹೋದರೆ ಗಾಳಿ ನಿಂತಿತು, ಜೀವಿಗಳ ಉಸಿರೂ ಕಟ್ಟಿತು. ಆ ಕರೆಂಟ್ ಬಿಲ್ ಕಟ್ಟಲು ಸಣ್ಣ ಪುರಸಭೆ ಒದ್ದಾಡಬೇಕು.

ನಮ್ಮಲ್ಲಿ ಬಿಲ್ ಇಲ್ಲದೆ ಸಿಗುವುದು ಬಿಸಿಲು. ಏಪ್ರಿಲ್‌ನಲ್ಲಿ ಬೈಯುತ್ತೇವಲ್ಲ, ಅದೇ ಬಿಸಿಲು. ಅದನ್ನೇ ನಂಬಿದ ಸರಳ ವ್ಯವಸ್ಥೆ ಒಂದಿದೆ: ಒಂದರ ಹಿಂದೆ ಒಂದು ಮೂರು ಹೊಂಡ.

ಮೊದಲನೆಯದು ಆಳ, ಎರಡರಿಂದ ಐದು ಮೀಟರ್. ಗಟ್ಟಿ ಕೊಳೆ ಅಲ್ಲಿ ತಳಕ್ಕೆ ಕೂರುತ್ತದೆ. ಗಾಳಿ ಬೇಡದ ಜೀವಿಗಳು ಅದನ್ನು ಕೊಳೆಸುತ್ತವೆ. ಸೆಖೆ ಜಾಸ್ತಿಯಾದಷ್ಟೂ ಅವುಗಳ ಕೆಲಸ ಚುರುಕು. ಮಿತಿಮೀರಿ ಕೊಳಚೆ ತುಂಬಿದರೆ ಮಾತ್ರ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಹೊಡೆಯುತ್ತದೆ.

ಎರಡನೆಯದು ಒಂದೂವರೆ ಮೀಟರ್ ಆಸುಪಾಸು. ಇಲ್ಲಿ ನೀರು ಹಸಿರಾಗುತ್ತದೆ. ಕೆಟ್ಟಿದೆ ಅಂದುಕೊಳ್ಳಬೇಡಿ, ಅದು ಪಾಚಿ. ಹಗಲೆಲ್ಲ ಬಿಸಿಲು ಕುಡಿದು ಆಮ್ಲಜನಕ ಬಿಡುತ್ತದೆ. ಯಂತ್ರ ಊದುವ ಗಾಳಿಯ ಬದಲಿಗೆ ಇಲ್ಲಿ ಪಾಚಿ. ರಾತ್ರಿ ಪಾಚಿಯೂ ಉಸಿರಾಡುವುದರಿಂದ ಬೆಳಗಿನ ಜಾವಕ್ಕೆ ಆಮ್ಲಜನಕ ತೀರಾ ಇಳಿದಿರುತ್ತದೆ. ಕೆರೆಯಲ್ಲಿ ಮೀನು ಸಾಕುವವರಿಗೆ ಇದು ಗೊತ್ತೇ ಇರುತ್ತದೆ.

ಮೂರನೆಯದು ತೆಳು, ಒಂದು ಮೀಟರ್ ಸುಮಾರು. ಬಿಸಿಲು ಆಳಕ್ಕಿಳಿದು ರೋಗಾಣುಗಳನ್ನು ಕೊಲ್ಲುತ್ತದೆ. ಜಂತುಹುಳದ ಮೊಟ್ಟೆಗಳು ಸಾಯುವುದು ಕಷ್ಟ, ಆದರೆ ಭಾರಕ್ಕೆ ತಳ ಸೇರುತ್ತವೆ. ಹಳ್ಳಕ್ಕೆ ಮೋಟಾರು ಇಟ್ಟು ಗಟಾರ ನೀರಿಗೇ ಮೆಂತ್ಯ, ಕೊತ್ತಂಬರಿ ಬೆಳೆಯುವ ಕಡೆ ಇದು ಸಣ್ಣ ಮಾತಲ್ಲ. ಸೊಪ್ಪನ್ನು ಹಸಿಯಾಗಿ ತಿನ್ನುವವರು ನಾವೇ ತಾನೆ? ಹೊಲಕ್ಕೆ ಬಿಡುವ ಇಂಥ ನೀರಿನಲ್ಲಿ ಲೀಟರಿಗೆ ಒಂದಕ್ಕಿಂತ ಹೆಚ್ಚು ಮೊಟ್ಟೆ ಇರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಾರಜನಕ, ರಂಜಕ ನೀರಿನಲ್ಲೇ ಇರುವುದರಿಂದ ಗೊಬ್ಬರದ ಖರ್ಚೂ ಸ್ವಲ್ಪ ಇಳಿಯುತ್ತದೆ.

ತೊಂದರೆ ಇಲ್ಲವೇ? ಇದೆ. ಎಕರೆಗಟ್ಟಲೆ ಜಾಗ ಬೇಕು. ಬೇಸಿಗೆಯಲ್ಲಿ ನೀರು ಆವಿಯಾಗಿ ಹೋಗುತ್ತದೆ. ಒಳಚರಂಡಿ ಪೈಪು ಬೀದಿಗೆ ಬಂದರೂ ಮನೆಯ ಜೋಡಣೆ ಆಗದಿದ್ದರೆ ಹೊಂಡ ಬರಿದು, ಗಟಾರ ಭರ್ತಿ. ಮಹಡಿಯ ಮಳೆನೀರನ್ನು ಚೇಂಬರಿಗೆ ತಿರುಗಿಸುವವರಿದ್ದಾರೆ. ಜೋರು ಮಳೆ ಬಂದರೆ ಹೊಂಡದ ನೀರು ಹದವಾಗುವ ಮೊದಲೇ ಹಳ್ಳ ಸೇರುತ್ತದೆ. ಚೇಂಬರ್ ಕಟ್ಟಿಕೊಂಡರೂ ಅದರೊಳಗೆ ಮನುಷ್ಯನನ್ನು ಇಳಿಸಬೇಡಿ. ರಕ್ಷಣೆಯ ಸಲಕರಣೆ ಇಲ್ಲದೆ ಹಾಗೆ ಇಳಿಸುವುದು 2013ರ ಕಾನೂನಿನಲ್ಲಿ ಅಪರಾಧ.

ಇನ್ನೊಂದು ಮಾತು. ಮೊದಲ ಹೊಂಡದ ಹೂಳನ್ನು ಕೆಲವು ವರ್ಷಗಳಿಗೊಮ್ಮೆ ತೆಗೆಯಲೇಬೇಕು. ಹೊಂಡ ತೋಡುವಾಗ ಫೋಟೋಕ್ಕೆ ಎಲ್ಲರೂ ಬರುತ್ತಾರೆ, ಹೂಳು ತೆಗೆಯುವಾಗ ಯಾರೂ ಬರುವುದಿಲ್ಲ. ನಿಮ್ಮ ವಾರ್ಡಿನ ಸದಸ್ಯರು ಸಿಕ್ಕಾಗ ಈ ವರ್ಷದ ಬಜೆಟ್ಟಿನಲ್ಲಿ ಹೂಳಿಗೆ ಎಷ್ಟು ಇಟ್ಟಿದ್ದೀರಿ ಅಂತ ಸುಮ್ನೆ ಒಂದು ಮಾತು ಕೇಳಿ.

ನಮಸ್ಕಾರ.