ಮಳೆಗೆ ಮುಂಚೆ ಎರಡು ಕಾರು, ಒಂದು ಘಾಟಿ

ಬೆಳಿಗ್ಗೆ ಆರೂವರೆ. ಶಿವಮೊಗ್ಗದ ನಮ್ಮ ಮನೆ ಅಂಗಳ. ಎಡಗಡೆ ನಿಂತಿರುವುದು ನನ್ನ 2012ರ ಸ್ವಿಫ್ಟ್ ಡೀಸೆಲ್. ಬಲಗಡೆ ಇರುವುದು ಗೆಳೆಯನ ಹೊಸ ಎಲೆಕ್ಟ್ರಿಕ್ ಕಾರು. ಮನೆಗೆ ಬಂದು ಇಪ್ಪತ್ತು ದಿನವೂ ಆಗಿಲ್ಲ, ಪೂಜೆಯ ದಿನ ಹಚ್ಚಿದ ಕುಂಕುಮ ಬಾನೆಟ್ ಮೇಲೆ ಇನ್ನೂ ಇದೆ. ಇವತ್ತು ಎರಡೂ ಕಾರು ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುತ್ತವೆ.

"ಕಾರು ಹೆಂಗಿದೆ ಹೇಳು ಮಾರಾಯ" ಅಂತ ಅವನು ವಾರದಿಂದ ಕೇಳುತ್ತಿದ್ದಾನೆ. ನಾನು ಏನೂ ಹೇಳಿರಲಿಲ್ಲ. ಶೋರೂಮಿನಿಂದ ಎರಡು ಕಿಲೋಮೀಟರ್ ಓಡಿಸಿ ಒಂದು ಕಾರಿನ ಬಗ್ಗೆ ಮಾತಾಡುವುದು ನನಗೆ ಸರಿ ಅನ್ನಿಸುವುದಿಲ್ಲ. ನಮ್ಮ ಕಡೆ ಕಾರಿನ ಪರೀಕ್ಷೆ ಅಂದರೆ ಘಾಟಿ. ಅದೂ ಮಳೆಯಲ್ಲಿ, ನೆಟ್‌ವರ್ಕ್ ಇಲ್ಲದ ತಿರುವಿನಲ್ಲಿ.

ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ಎರಡು ವರ್ಷದ ಹಿಂದೆ, ಜುಲೈನಲ್ಲಿ, ಇದೇ ಘಾಟಿಯಲ್ಲಿ ನನ್ನ ಟೈರ್ ಪಕ್ಕಕ್ಕೆ ಕಲ್ಲು ತಗುಲಿ ಸೀಳಿ ಹೋಯಿತು. ಕಾರಿನಲ್ಲಿ ಅಪ್ಪ ಇದ್ದರು. ಸ್ಟೆಪ್ನಿ ಇತ್ತು, ಜಾಕ್ ಇತ್ತು. ಆದರೆ ನಟ್ಟು ಬಿಚ್ಚಲು ಆಗಲಿಲ್ಲ. ಹಿಂದಿನ ವಾರ ಒಂದು ಟೈರ್ ಅಂಗಡಿಯಲ್ಲಿ ಗಾಳಿ ಗನ್ ಹಿಡಿದು ಸಿಕ್ಕಾಪಟ್ಟೆ ಬಿಗಿ ಮಾಡಿದ್ದರು. ಸ್ಪ್ಯಾನರ್ ಮೇಲೆ ಹತ್ತಿ ನಿಂತೆ, ಕದಲಲಿಲ್ಲ. ಮುಕ್ಕಾಲು ಗಂಟೆ ಮಳೆಯಲ್ಲಿ ನೆನೆದ ಮೇಲೆ ಒಂದು ಜೀಪು ಬಂತು. ಆ ಡ್ರೈವರಣ್ಣ ಸೀಟಿನ ಕೆಳಗಿಂದ ಎರಡಡಿ ಉದ್ದದ ಕಬ್ಬಿಣದ ಪೈಪು ತೆಗೆದು ಸ್ಪ್ಯಾನರ್ ಹಿಡಿಗೆ ತೂರಿಸಿದರು. ಒಂದೇ ಸಲ ಒತ್ತಿದ್ದು, ಟಕ್ ಅಂತ ಬಿಟ್ಟಿತು.

ಆ ಪೈಪಿನಂಥದ್ದೇ ಒಂದು ಪೈಪು ಈಗ ನನ್ನ ಡಿಕ್ಕಿಯಲ್ಲಿದೆ, ನೋಡಿ. ಅದರ ಪಕ್ಕದಲ್ಲಿರುವುದು ಟಾರ್ಕ್ ರೆಂಚ್, ಅಂದರೆ ಚಕ್ರದ ನಟ್ಟನ್ನು ಅಳತೆಗೆ ತಕ್ಕಂತೆ ಬಿಗಿ ಮಾಡುವ ಸ್ಪ್ಯಾನರ್. ನನ್ನ ಹತ್ತಿರ ಇರುವ ಸಾಮಾನುಗಳಲ್ಲಿ ನನಗೆ ಅತಿ ಪ್ರೀತಿಯದು ಇದು. ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಸೆಟ್ ಮಾಡಬೇಕು. ಅಲ್ಲಿಗೆ ಬಂದ ತಕ್ಷಣ ಕಟಕ್ ಅಂತ ಸದ್ದು ಬರುತ್ತದೆ, ನಿಲ್ಲಿಸಬೇಕು. ಈ ಬಿಗಿಯ ಅಳತೆ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ಒಳಗೆ ಇರುತ್ತದೆ. ನಿಮ್ಮ ಕಾರಿನದು ಮ್ಯಾನ್ಯುವಲ್‌ನಲ್ಲಿ ನೋಡಿಕೊಳ್ಳಿ. ಒಂದಾದ ಮೇಲೆ ಪಕ್ಕದ್ದಲ್ಲ, ಎದುರಿನ ನಟ್ಟು ಬಿಗಿ ಮಾಡಬೇಕು. ಹೆಚ್ಚು ಬಿಗಿಯಾದರೆ ನಟ್ಟು ಕೂರುವ ಬೋಲ್ಟು, ಅಂದರೆ ಸ್ಟಡ್, ಎಳೆದುಕೊಳ್ಳುತ್ತದೆ, ಕಡಿಮೆಯಾದರೆ ಚಕ್ರ ಸಡಿಲ. ಇದರಲ್ಲಿ ನಟ್ಟು ಬಿಚ್ಚಬೇಡಿ, ಅಳತೆ ಕೆಟ್ಟುಹೋಗುತ್ತದೆ. ಕೆಲಸ ಮುಗಿದ ಮೇಲೆ ಸೆಟ್ಟಿಂಗನ್ನು ಕನಿಷ್ಠಕ್ಕೆ ಇಳಿಸಿ ಒಳಗಿಡಿ.

ಈಗ ಗೆಳೆಯನ ಕಾರಿನ ಡಿಕ್ಕಿ ತೆಗೆಯುತ್ತೇನೆ. ಸ್ಟೆಪ್ನಿ ಇಲ್ಲ. ಅವನಿಗೂ ಇವತ್ತೇ ಗೊತ್ತಾಗಿದ್ದು. ಇದು ನಿಯಮಕ್ಕೆ ವಿರುದ್ಧ ಅಲ್ಲ. ಟ್ಯೂಬ್‌ಲೆಸ್ ಟೈರು, ಗಾಳಿ ಕಡಿಮೆಯಾದರೆ ಎಚ್ಚರಿಸುವ ಸೆನ್ಸರು, ಪಂಚರ್ ಕಿಟ್ಟು, ಈ ಮೂರೂ ಇದ್ದರೆ ಸ್ಟೆಪ್ನಿ ಕೊಡಬೇಕಾಗಿಲ್ಲ ಅಂತ 2020ರಲ್ಲೇ ಕೇಂದ್ರ ಸರ್ಕಾರ ಬದಲಾವಣೆ ಮಾಡಿದೆ. ಸೆನ್ಸರ್ ಒಳ್ಳೆಯದೇ. ಮೊಳೆ ಚುಚ್ಚಿದ ತೂತಿಗೆ ಕಿಟ್ಟೂ ಸಾಕು. ಆದರೆ ಪಕ್ಕ ಸೀಳಿದ ಟೈರಿಗೆ ಯಾವ ಕಿಟ್ಟೂ ಉಪಯೋಗಕ್ಕೆ ಬರುವುದಿಲ್ಲ. ಪಟ್ಟಣದ ಒಳಗೆ ಓಡಾಡುವವರಿಗೆ ಸರಿ ಹೋಗಬಹುದು. ತೀರ್ಥಹಳ್ಳಿ, ಶೃಂಗೇರಿ, ಹೊಸನಗರದ ಕಡೆ ಇರುವವರು ಕಾರು ಬುಕ್ ಮಾಡುವ ಮುಂಚೆ ಡಿಕ್ಕಿಯ ಕಾರ್ಪೆಟ್ ಎತ್ತಿ ನೋಡಿ. ಕೇಳಿಕೊಳ್ಳುತ್ತೇನೆ.

ಇನ್ನು ನನ್ನ ಕಾರು. ಎಂಜಿನ್ ಇಟಲಿಯ ಫಿಯಟ್ ರೂಪಿಸಿದ 1.3 ಲೀಟರ್ ಡೀಸೆಲ್. ಮಾರುತಿ, ಟಾಟಾ, ಫಿಯಟ್ ಮೂರರಲ್ಲೂ ಓಡಿದ ಎಂಜಿನ್ ಇದು. 2020ರ ಏಪ್ರಿಲ್‌ನಲ್ಲಿ ಹೊಗೆ ಮಾಲಿನ್ಯದ ಹೊಸ ನಿಯಮ ಬಿಎಸ್6 ಬಂದಾಗ ಮಾರುತಿ ಡೀಸೆಲ್ ನಿಲ್ಲಿಸಿಬಿಟ್ಟಿತು. ಎಂಜಿನ್ ನಿಮಿಷಕ್ಕೆ ಎರಡು ಸಾವಿರ ಸುತ್ತಿಗಿಂತ (ಆರ್‌ಪಿಎಂ) ಕೆಳಗಿದ್ದರೆ ಸ್ವಲ್ಪ ಮಂಕು, ಅದು ದಾಟಿದರೆ ಏರು ಎನ್ನುವುದೇ ಗೊತ್ತಾಗುವುದಿಲ್ಲ. ನನಗೆ ಇದರ ಮೇಲೆ ತುಂಬಾ ಅಭಿಮಾನ.

ಮಳೆಗೆ ಮುಂಚೆ ನಾನು ಮೊದಲು ನೋಡುವುದು ಬ್ರೇಕ್ ಆಯಿಲ್. ಇದು ಗಾಳಿಯಲ್ಲಿರುವ ತೇವವನ್ನು ಮೆಲ್ಲಗೆ ಹೀರಿಕೊಳ್ಳುತ್ತದೆ. ಡಾಟ್ 4 ಅನ್ನುವ ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ನೀರು ಸೇರಿ ಹಳೆಯದಾದರೆ 155ರ ಸುತ್ತಮುತ್ತಲೇ ಕುದಿಯಬಹುದು. ಘಾಟಿ ಇಳಿಯುವಾಗ ಬ್ರೇಕ್ ತುಳಿದೇ ಇದ್ದರೆ ಆ ಶಾಖ ಆಯಿಲ್‌ವರೆಗೂ ಹೋಗುತ್ತದೆ. ಕುದಿದರೆ ಪೈಪಿನೊಳಗೆ ಗುಳ್ಳೆ ಏಳುತ್ತದೆ, ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಿಸುತ್ತೇನೆ, ಕಿಲೋಮೀಟರ್ ಎಷ್ಟೇ ಆಗಿರಲಿ.

ಆಮೇಲೆ ಟೈರು. ಪಕ್ಕದಲ್ಲಿ ಅಚ್ಚಾಗಿರುವ ಕೊನೆಯ ನಾಲ್ಕು ಅಂಕಿ ಓದಿ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಇದನ್ನು ನೋಡದೆ ದುಡ್ಡು ಕೊಡಬೇಡಿ. ಕಚ್ಚು ಎಷ್ಟೇ ಆಳ ಇರಲಿ, ರಬ್ಬರ್ ಗಟ್ಟಿಯಾಗಿದ್ದರೆ ಒದ್ದೆ ರಸ್ತೆಯಲ್ಲಿ ಹಿಡಿತ ಇರುವುದಿಲ್ಲ.

ಈಗ ವೈಪರ್ ಬುಡ. ಈ ಜಾಲರಿ ಕೆಳಗೆ ಹಲಸಿನ ಎಲೆ ಎಷ್ಟಿದೆ ನೋಡಿ! ಮರದ ಕೆಳಗೆ ಕಾರು ನಿಲ್ಲಿಸುವ ನಮ್ಮಂಥವರಿಗೆ ಇದು ಬಹಳ ಮುಖ್ಯ. ನೀರು ಹೋಗುವ ತೂತು ಕಟ್ಟಿಕೊಂಡರೆ ಮಳೆ ನೀರು ಸೀದಾ ಕಾಲ ಬುಡಕ್ಕೆ ಬರುತ್ತದೆ. ಕೈ ಹಾಕಿ ತೆಗೆದು, ಒಂದು ತಂಬಿಗೆ ನೀರು ಹಾಕಿ ಹೋಗುತ್ತಿದೆಯಾ ನೋಡಿದರೆ ಸಾಕು.

ತೊಳೆಯುವ ವಿಷಯ. ಗೆಳೆಯ ಹೊಸ ಕಾರಿಗೆ ಸೆರಾಮಿಕ್ ಕೋಟಿಂಗ್ ಮಾಡಿಸಿದ್ದಾನೆ. "9ಎಚ್ ಕಣೋ, ಕಲ್ಲು ಬಿದ್ದರೂ ಏನೂ ಆಗಲ್ಲ" ಅಂತ ಅವನಿಗೆ ಹೇಳಿ ಕಳಿಸಿದ್ದಾರೆ. ಆ 9ಎಚ್ ಪೆನ್ಸಿಲಿನಿಂದ ಗೀರಿ ನೋಡುವ ಗಡಸುತನದ ಅಳತೆ, ಅಷ್ಟೇ. ಕೋಟಿಂಗ್ ಇದ್ದರೆ ಹೊಳಪು ಇರುತ್ತದೆ, ಕೆಸರು ಬೇಗ ಜಾರುತ್ತದೆ, ತೊಳೆಯುವುದು ಸುಲಭ. ಲಾರಿ ಹಾರಿಸಿದ ಜಲ್ಲಿಯನ್ನು ಅದು ತಡೆಯುವುದಿಲ್ಲ. ಕೋಟಿಂಗ್ ಇರಲಿ ಇಲ್ಲದಿರಲಿ, ಒಣ ಧೂಳಿನ ಮೇಲೆ ಬಟ್ಟೆ ಆಡಿಸಬೇಡಿ. ನಮ್ಮ ಕೆಂಪು ಮಣ್ಣಿನಲ್ಲಿ ಮರಳಿನ ಕಣ ಜಾಸ್ತಿ. ಮೊದಲು ನೀರು ಹಾಯಿಸಿ. ಎರಡು ಬಕೆಟ್ ಇಡಿ, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಮಲ್ಪೆ ಬೀಚಿಗೆ ಹೋಗಿ ಬಂದರೆ ಅಡಿಭಾಗಕ್ಕೂ ನೀರು ಹೊಡೆಯಿರಿ. ಉಪ್ಪು ತುಕ್ಕು ಹಿಡಿಸುವುದು ಅಲ್ಲಿಂದಲೇ.

ಮೇಗರವಳ್ಳಿ ದಾಟುತ್ತಿದ್ದಂತೆ ಮಂಜು ಇಳಿಯಿತು. ಈಗ ಗೆಳೆಯನ ಕಾರಿನಲ್ಲಿದ್ದೇನೆ, ನನ್ನ ಕಾರನ್ನು ತಮ್ಮ ತರುತ್ತಿದ್ದಾನೆ. ಗಾಜು ಮಸುಕಾಯಿತು. ನನ್ನ ಕಾರಿನಲ್ಲಾದರೆ ರಸ್ತೆ ನೋಡುತ್ತಲೇ ನಾಬ್ ತಿರುಗಿಸುತ್ತಿದ್ದೆ. ಇಲ್ಲಿ ಸ್ಕ್ರೀನಿನಲ್ಲಿ ಹುಡುಕಬೇಕು, ಕಣ್ಣು ರಸ್ತೆ ಬಿಡಬೇಕು. ಇದು ನನಗೆ ಸ್ವಲ್ಪವೂ ಇಷ್ಟವಾಗಲಿಲ್ಲ. ಕಾರಿನ ಸುರಕ್ಷತೆ ಪರೀಕ್ಷಿಸಿ ಅಂಕ ಕೊಡುವ ಯುರೋಪಿನ ಎನ್‌ಕ್ಯಾಪ್‌ನವರು 2026ರಿಂದ ಇಂಡಿಕೇಟರ್, ವೈಪರ್, ಹಾರ್ನ್‌ನಂಥವಕ್ಕೆ ನಿಜವಾದ ಬಟನ್ನೋ ಕಡ್ಡಿಯೋ ಇರಲಿ ಅನ್ನುತ್ತಿದ್ದಾರೆ, ಇಲ್ಲದಿದ್ದರೆ ಪೂರ್ತಿ ಅಂಕ ಇಲ್ಲ. ಗಾಜಿನ ಮಂಜು ತೆಗೆಯುವುದಕ್ಕೂ ಹಾಗೇ ಮಾಡಿದರೆ ಮಲೆನಾಡಿನವರಿಗೆ ಉಪಕಾರ.

ಆದರೆ ಇಳಿಯುವಾಗ ಈ ಕಾರು ನನ್ನ ಮನಸ್ಸು ಗೆದ್ದಿತು. ಡೀಸೆಲ್‌ನಲ್ಲಿ ಹತ್ತುವ ಗೇರಿನಲ್ಲೇ ಇಳಿಯಬೇಕು, ಎಂಜಿನ್ ಕಾರನ್ನು ಹಿಡಿದುಕೊಳ್ಳುತ್ತದೆ. ಇಲ್ಲಿ ಆಕ್ಸಿಲರೇಟರ್ ಬಿಟ್ಟರೆ ಮೋಟಾರೇ ಹಿಡಿದುಕೊಂಡು ಬ್ಯಾಟರಿಗೆ ಕರೆಂಟ್ ಕಳಿಸುತ್ತದೆ. ಹದಿನಾಲ್ಕು ಹೇರ್‌ಪಿನ್ ತಿರುವಿನಲ್ಲಿ ಬ್ರೇಕ್ ಮುಟ್ಟಿದ್ದು ಕಡಿಮೆ. ಮೇಲೆ 58 ಪರ್ಸೆಂಟ್ ಇದ್ದದ್ದು ಕೆಳಗೆ 60 ಆಗಿತ್ತು. ಒಂದು ಮಾತು ಮಾತ್ರ ನೆನಪಿರಲಿ. ಘಾಟಿಯ ತಲೆಯಲ್ಲೇ ನೂರಕ್ಕೆ ನೂರು ಚಾರ್ಜ್ ಮಾಡಿ ಇಳಿದರೆ ಆ ಕರೆಂಟಿಗೆ ಜಾಗ ಇರುವುದಿಲ್ಲ, ಹಿಡಿತ ಕಡಿಮೆಯಾಗುತ್ತದೆ. ಆಗ ಬ್ರೇಕೇ ಗತಿ.

ಸೋಮೇಶ್ವರದಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಎರಡೂ ಕಾರಿನ ಮುಂದಿನ ಚಕ್ರದ ಹತ್ತಿರ ಕೈ ಹಿಡಿದು ನೋಡಿದೆ. ನನ್ನ ಕಾರಿನದು ಬಿಸಿ ಹೊಡೆಯುತ್ತಿತ್ತು, ಅವನದು ಬೆಚ್ಚಗಿತ್ತು.

"ಹಂಗಾದರೆ ಕಾರು ಒಳ್ಳೇದು ಅಂತಾಯ್ತು?" ಅಂದ.

"ಇಳಿಯೋದರಲ್ಲಿ ನನ್ನದಕ್ಕಿಂತ ಒಳ್ಳೇದು. ಸ್ಟೆಪ್ನಿಗೆ ಏನು ಮಾಡ್ತೀಯ?"

ಚಹಾ ಲೋಟ ಕೆಳಗಿಟ್ಟು ಶೋರೂಮಿಗೆ ಫೋನ್ ಮಾಡಿದ. ರಿಮ್ಮು, ಟೈರು, ಜಾಕು ಸೇರಿ ಎಷ್ಟಾಗುತ್ತದೆ ಅಂತ ನಾಳೆ ಹೇಳುತ್ತಾರಂತೆ. ಅಲ್ಲಿಯವರೆಗೆ ನನ್ನ ಪೈಪು ಅವನ ಡಿಕ್ಕಿಯಲ್ಲಿ ಇರುತ್ತದೆ.